ದೆವ್ವಕ್ಕೂ ನೆರಳು ಬೇಕು

ಫೋಟೊ ತಿದ್ದುವ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದೆವ್ವದ್ದೇ. ಅಕ್ಟೋಬರ್ 31ರ ಹ್ಯಾಲೋವೀನ್, ಪಶ್ಚಿಮದವರ ದೆವ್ವದ ಹಬ್ಬ, ಹತ್ತಿರ ಬಂತಲ್ಲ, ಅದಕ್ಕೇ ಇರಬೇಕು. ಹಾಸನದಲ್ಲಿ ನಮ್ಮದು ಅಪ್ಪನ ಕಾಲದ ಸ್ಟುಡಿಯೊ. ಫೋಟೊ ತೆಗೆಯುವುದಕ್ಕಿಂತ ತೆಗೆದದ್ದನ್ನು ತಿದ್ದುವುದರಲ್ಲೇ ನನ್ನ ದಿನ ಜಾಸ್ತಿ ಕಳೆಯುತ್ತದೆ. ಹಾಗಾಗಿ ಈ ಪ್ರಶ್ನೆಗಳು ನನಗೆ ತುಂಬಾ ಇಷ್ಟವಾದವು. ಒಂದಕ್ಕೆ ಉದ್ದ ಉತ್ತರ ಬರೆದಿದ್ದೇನೆ, ಉಳಿದವಕ್ಕೆ ಬೇಕಾದಷ್ಟು.

ಪ್ರಶ್ನೆ: ಅಕ್ಕಾ, ನಾನು ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ಕಾಲೇಜಿನಲ್ಲಿ ಈ ವರ್ಷ ಹ್ಯಾಲೋವೀನ್ ಇಟ್ಟುಕೊಂಡಿದ್ದೇವೆ. ಪೋಸ್ಟರ್‌ಗೆ ನನ್ನದೇ ಫೋಟೊದಿಂದ ಒಂದು ದೆವ್ವದ ಪಾತ್ರ ಮಾಡಬೇಕು ಅಂತ ಆಸೆ. ಮಾಟಗಾತಿಯ ಟೋಪಿ, ಕುಂಬಳಕಾಯಿ ಎಲ್ಲಾ ಬೇಡ, ನಮ್ಮ ಕಡೆಯ ದೆವ್ವವೇ ಆಗಬೇಕು. ಅಜ್ಜಿಯ ಬಿಳಿ ಸೀರೆ ಉಟ್ಟು, ತೋಟದ ಮನೆಯ ಕಾಫಿ ಕಣದಲ್ಲಿ ನಿಂತು ಫೋಟೊ ತೆಗೆಸಿಕೊಂಡೆ. ಫೋನಿನ ಆ್ಯಪ್‌ನಲ್ಲಿ ಕೆಂಪು ಕಣ್ಣು, ಬಾಯಲ್ಲಿ ರಕ್ತ ಹಾಕಿದೆ. ನೋಡಿದವರೆಲ್ಲ ನಗುತ್ತಾರೆ. ಎಲ್ಲಿ ತಪ್ಪಾಯಿತು? ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದೆ.

ಉತ್ತರ: ತಂಗಿ, ನೀವು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಸೀರೆ ಚೆನ್ನಾಗಿದೆ. ಕಣವೂ ಚೆನ್ನಾಗಿದೆ, ಹಿಂದೆ ಸಿಲ್ವರ್ ಓಕ್ ಮರಗಳ ಸಾಲು ಇದೆ. ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಆದರೆ ಫೋಟೊ ತೆಗೆದಿರುವುದು ಮಟಮಟ ಮಧ್ಯಾಹ್ನ. ಮೂಗಿನ ಕೆಳಗೆ ಚಿಕ್ಕ ನೆರಳು ಬಿದ್ದಿದೆ, ಸೀರೆ ಬಿಸಿಲಿಗೆ ಸುಟ್ಟಂತೆ ಬೆಳ್ಳಗಾಗಿದೆ. ಅದರ ಮೇಲೆ ಎಷ್ಟು ರಕ್ತ ಸುರಿದರೂ ಅದು ಬಿಸಿಲಲ್ಲಿ ನಿಂತ ಹುಡುಗಿಯೇ.

ನನ್ನ ಕೆಲಸದ ಒಂದು ವಿಷಯ ಹೇಳುತ್ತೇನೆ. ನಮ್ಮ ಸ್ಟುಡಿಯೊಗೆ ತಿಂಗಳಿಗೆ ನಾಲ್ಕೈದು ಮನೆಯವರಾದರೂ ತೀರಿಹೋದವರ ಫೋಟೊ ಹಿಡಿದುಕೊಂಡು ಬರುತ್ತಾರೆ. ಯಾವುದೋ ಮದುವೆಯ ಗುಂಪು ಫೋಟೊ, ಮೂರನೇ ಸಾಲಿನಲ್ಲಿ ಅರ್ಧ ಮುಚ್ಚಿದ ಒಂದು ಮುಖ. ಬೇರೆ ಫೋಟೊ ಇರುವುದಿಲ್ಲ. ತಿಥಿಯೊಳಗೆ ಫ್ರೇಮ್ ಆಗಬೇಕು. ಆ ಮುಖ ಕಟ್ ಮಾಡಿ, ಮೈಗೆ ಬಿಳಿ ಶರ್ಟೋ ರೇಷ್ಮೆ ಸೀರೆಯೋ ಹಾಕಿ, ಹಿಂದೆ ತಿಳಿ ನೀಲಿ ಬಣ್ಣ ಇಟ್ಟು ಕೊಡುತ್ತೇವೆ. ಇಷ್ಟೆಲ್ಲ ಮಾಡಿದರೂ ಮುಖ ಮಂಕಾಗಿಯೇ ಇರುತ್ತದೆ. ಕೊನೆಗೆ ಎರಡೂ ಕಣ್ಣಿನ ಕಪ್ಪಿನ ಮೇಲೆ ಒಂದೊಂದು ಬೆಳಕಿನ ಚುಕ್ಕಿ ಇಡುತ್ತೇನೆ, ಸಾಸಿವೆ ಕಾಳಿಗಿಂತ ಚಿಕ್ಕದು. ಇಟ್ಟ ತಕ್ಷಣ ಮುಖಕ್ಕೆ ಜೀವ ಬರುತ್ತದೆ. ಒಮ್ಮೆ ಒಬ್ಬ ಅಜ್ಜ ಸ್ಕ್ರೀನಿನ ಮುಂದೆಯೇ ನಿಂತು ಹೆಂಡತಿಯನ್ನು ಹೆಸರು ಹಿಡಿದು ಕರೆದರು. ಅವತ್ತು ಆ ಚುಕ್ಕಿಯ ಬೆಲೆ ನನಗೆ ಗೊತ್ತಾಯಿತು.

ನೀವು ಕೇಳುತ್ತಿರುವುದು ಇದರ ಉಲ್ಟಾ ಕೆಲಸ. ಹಾಗಾದರೆ ಆ ಚುಕ್ಕಿ ತೆಗೆಯಿರಿ. ಕಣ್ಣಿಗೆ ಕೆಂಪು ಬಣ್ಣ ಬೇಡ. ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ಕ್ಲೋನ್ ಸ್ಟ್ಯಾಂಪ್ (ಒಂದು ಕಡೆಯದನ್ನು ಇನ್ನೊಂದು ಕಡೆ ನಕಲು ಮಾಡುವ ಸಾಧನ) ತೆಗೆದುಕೊಂಡು, ಪಕ್ಕದ ಕಪ್ಪನ್ನೇ ಎತ್ತಿ ಹೊಳಪಿನ ಮೇಲೆ ಹಚ್ಚಿ. ಕಣ್ಣಿನ ಬಿಳಿ ಭಾಗವನ್ನು ಒಂಚೂರು ಬೂದು ಮಾಡಿ. ಇಷ್ಟು ಮಾಡಿ ಒಂದು ನಿಮಿಷ ಎದ್ದು ಹೋಗಿ ನೀರು ಕುಡಿದು ಬಂದು ನೋಡಿ. ನಿಮ್ಮ ಮುಖವೇ, ಆದರೆ ಒಳಗೆ ನೀವಿಲ್ಲ ಅನ್ನಿಸುತ್ತದೆ.

ಈಗ ಮೊದಲಿನಿಂದ ಬರೋಣ. ಫೋಟೊ ಮತ್ತೆ ತೆಗೆಯಬೇಕು. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು ನಿಮಿಷ, ಇಲ್ಲವೇ ಬೆಳಿಗ್ಗೆ ತೋಟದಲ್ಲಿ ಮಂಜು ಇನ್ನೂ ಕರಗಿರದ ಹೊತ್ತು. ಈ ತಿಂಗಳು ನಿಮ್ಮ ಕಡೆ ಮಂಜಿಗೇನೂ ಬರವಿಲ್ಲ ಅಲ್ವಾ. ಫೋನನ್ನು ಸ್ಟೂಲಿನ ಮೇಲೆ ಅಲುಗಾಡದಂತೆ ಇಡಿ. ಸೊಂಟದ ಎತ್ತರ ಇರಲಿ, ಪಾತ್ರ ಎತ್ತರವಾಗಿ ಕಾಣುತ್ತದೆ. ಮೊದಲು ನೀವು ನಿಂತ ಫೋಟೊ. ಆಮೇಲೆ ಫೋನ್ ಮುಟ್ಟದೆ, ನೀವು ಪಕ್ಕಕ್ಕೆ ಸರಿದು, ಖಾಲಿ ಕಣದ ಫೋಟೊ. ಟೈಮರ್ ಹಾಕಿ ಅಥವಾ ತಮ್ಮನ ಕೈಯಲ್ಲಿ ಒತ್ತಿಸಿ. ಖಾಲಿ ಫೋಟೊ ಮರೆತರೆ ಮುಂದಿನ ಅರ್ಧ ಕೆಲಸ ಆಗುವುದಿಲ್ಲ.

ಬೆಳಕು ಕೆಳಗಿನಿಂದ ಬರಲಿ. ಯಾರಾದರೂ ಕುಕ್ಕರುಗಾಲಲ್ಲಿ ಕೂತು ಟಾರ್ಚಿಗೆ ಬಿಳಿ ಕರ್ಚೀಫ್ ಸುತ್ತಿ ನಿಮ್ಮ ಗದ್ದದ ಕೆಳಗಿನಿಂದ ಹಿಡಿಯಲಿ. ಹುಟ್ಟಿದಾಗಿನಿಂದ ನಾವು ಮುಖಗಳನ್ನು ಮೇಲಿನ ಬೆಳಕಿನಲ್ಲಿ ನೋಡಿದವರು. ಸೂರ್ಯ ಮೇಲೆ, ಬಲ್ಬು ಮೇಲೆ. ಕೆಳಗಿನಿಂದ ಬೆಳಕು ಬಿದ್ದರೆ ಹುಬ್ಬಿನ ಮೇಲೆ, ಕೆನ್ನೆಯ ಮೇಲೆ ನೆರಳು ಹತ್ತುತ್ತದೆ. ಗುರುತಿನ ಮುಖವೇ ಗುರುತು ತಪ್ಪುತ್ತದೆ.

ಲ್ಯಾಪ್‌ಟಾಪಿನಲ್ಲಿ ಖಾಲಿ ಕಣದ ಫೋಟೊ ಕೆಳಗಿನ ಲೇಯರ್, ನಿಮ್ಮ ಫೋಟೊ ಮೇಲಿನ ಲೇಯರ್. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಹಾಳೆಯ ಹಾಗೆ. ಮೇಲಿನದಕ್ಕೆ ಮಾಸ್ಕ್, ಅಂದರೆ ಮರೆಮಾಡುವ ಪರದೆ, ಹಾಕಿ. ಎರೇಸರ್ ಮುಟ್ಟಬೇಡಿ, ಅಳಿಸಿದ್ದು ಹೋಯಿತು ಅಂದರೆ ಹೋಯಿತು. ಮಾಸ್ಕ್‌ನಲ್ಲಿ ಕಪ್ಪು ಬಳಿದರೆ ಮರೆಯಾಗುತ್ತದೆ, ಬಿಳಿ ಬಳಿದರೆ ವಾಪಸ್ ಬರುತ್ತದೆ. ಮೆತ್ತನೆ ಬ್ರಷ್ ಹಿಡಿದು ಮೊಣಕಾಲಿನಿಂದ ಕೆಳಗೆ ನಿಧಾನವಾಗಿ ಕಪ್ಪು ಬಳಿಯುತ್ತಾ ಬನ್ನಿ. ಸೀರೆಯ ನೆರಿಗೆ ಕರಗಿ ಕಣದ ನೆಲ ಕಾಣುತ್ತದೆ. ದೆವ್ವದ ಕಾಲು ನೆಲಕ್ಕೆ ತಾಗಲ್ಲ ಅಂತ ಅಜ್ಜಿಯರು ಹೇಳುವುದಿಲ್ಲವೇ, ಅದೇ. ಇಡೀ ದೇಹವನ್ನು ಒಂದೇ ಸಮ ಪಾರದರ್ಶಕ ಮಾಡಬೇಡಿ. ಎಲ್ಲರೂ ಮಾಡುವ ತಪ್ಪು ಅದು, ಗಾಜಿಗೆ ಅಂಟಿಸಿದ ಸ್ಟಿಕ್ಕರಿನಂತೆ ಕಾಣುತ್ತದೆ. ಮುಖ ಗಟ್ಟಿ ಇರಲಿ. ಸೆರಗಿನ ಅಂಚು ಕರಗಲಿ.

ಮುಖದ ಕೆಲಸಕ್ಕೆ ಮುಂಚೆ, ಆಗುವುದಾದರೆ ಒಂದು ಭಾನುವಾರ ದೊಡ್ಡಗದ್ದವಳ್ಳಿಗೆ ಹೋಗಿ ಬನ್ನಿ. ಹಾಸನ–ಬೇಲೂರು ರಸ್ತೆಯಲ್ಲಿ ಬಂದು ಒಳಗೆ ತಿರುಗಬೇಕು. ಅಲ್ಲಿಯ ಲಕ್ಷ್ಮೀದೇವಿ ಗುಡಿ ಹೊಯ್ಸಳ ವಿಷ್ಣುವರ್ಧನನ ಕಾಲದ್ದು, 1113ರ ಸುಮಾರಿಗೆ ಕಟ್ಟಿದ್ದು. ಒಂದೇ ಕಟ್ಟಡದಲ್ಲಿ ನಾಲ್ಕು ಗರ್ಭಗುಡಿ. ಕಾಳಿಯ ಗುಡಿಯ ಬಾಗಿಲ ಆಚೆ ಈಚೆ ಎರಡು ಬೇತಾಳ ನಿಂತಿವೆ. ನನ್ನನ್ನು ಅಪ್ಪ ಮೊದಲ ಸಲ ಕರೆದುಕೊಂಡು ಹೋದಾಗ ನಾನು ಹತ್ತು ವರ್ಷದವಳು, ಅಪ್ಪನ ಶರ್ಟು ಬಿಡಲಿಲ್ಲ. ಬರೀ ಎಲುಬಿನ ಹಂದರ. ರಕ್ತ ಇಲ್ಲ, ಬಣ್ಣ ಇಲ್ಲ, ಕಲ್ಲು ಮಾತ್ರ. ಆ ಶಿಲ್ಪಿ ಭಯವನ್ನು ಗುಳಿಗಳಲ್ಲಿ ಇಟ್ಟಿದ್ದಾನೆ. ನೀವೂ ಅದನ್ನೇ ಮಾಡಬೇಕು.

ಹೊಸ ಲೇಯರ್ ತೆಗೆದು, 50 ಪರ್ಸೆಂಟ್ ಬೂದು ಬಣ್ಣ ತುಂಬಿ, ಕೆಳಗಿನ ಚಿತ್ರದೊಂದಿಗೆ ಬೆರೆಯುವ ಸಾಫ್ಟ್ ಲೈಟ್ ಮೋಡ್‌ಗೆ ಹಾಕಿ. ಬೂದು ಮರೆಯಾಗುತ್ತದೆ. ಅದರ ಮೇಲೆ ಹತ್ತು ಪರ್ಸೆಂಟ್ ಗಾಢತೆಯ (ಒಪಾಸಿಟಿ) ಕಪ್ಪು ಬ್ರಷ್‌ನಿಂದ ಕಣ್ಣಿನ ಗುಳಿ, ಕೆನ್ನೆಯ ಗುಳಿ, ಹಣೆಯ ಎರಡು ಪಕ್ಕ, ಕತ್ತಿನ ನರಗಳ ನಡುವೆ, ಕೊರಳ ಮೂಳೆಯ ಮೇಲಿನ ಹಳ್ಳ, ಇಷ್ಟು ಜಾಗ ಮತ್ತೆ ಮತ್ತೆ ತೀಡಿ. ಬಿಳಿ ಬ್ರಷ್‌ನಿಂದ ಮೂಳೆ ಎದ್ದಿರುವಲ್ಲಿ ಒಂದೆರಡು ಸಲ. ಗಂಟೆ ಹಿಡಿಯುತ್ತದೆ, ಹಿಡಿಯಲಿ. ಆಮೇಲೆ ಚಿತ್ರವನ್ನು ಎಳೆದು ತಿದ್ದುವ ಲಿಕ್ವಿಫೈನಲ್ಲಿ ಬೆರಳುಗಳನ್ನು ಅರ್ಧ ಗೆಣ್ಣಿನಷ್ಟು ಉದ್ದ ಎಳೆಯಿರಿ, ಕತ್ತನ್ನು ಕೂದಲೆಳೆಯಷ್ಟು. ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸಬೇಕು, ಏನು ಅಂತ ತಕ್ಷಣ ಹೊಳೆಯಬಾರದು. ಮೊಳದುದ್ದ ಉಗುರು ಹಾಕಿದರೆ ಮತ್ತೆ ನಗುತ್ತಾರೆ.

ರಕ್ತದ ವಿಷಯಕ್ಕೆ ಬರುತ್ತೇನೆ. ಇವತ್ತು ಸಂಜೆ ಮನೆ ಮುಂದಿನ ಕೆಂಪು ದಾಸವಾಳ ನೋಡಿ. ಬೆಳಕಿರುವಾಗ ಹೂವೇ ಮೊದಲು ಕಣ್ಣಿಗೆ ಬೀಳುತ್ತದೆ. ಕತ್ತಲಾಗುತ್ತಾ ಹೂವು ಕಪ್ಪಾಗಿ, ಎಲೆಗಳೇ ತಿಳಿಯಾಗಿ ಕಾಣುತ್ತವೆ. ನಮ್ಮ ಕಣ್ಣಿಗೆ ಮಬ್ಬು ಬೆಳಕಿನಲ್ಲಿ ಕೆಂಪು ಬೇಗ ಆರಿಹೋಗುತ್ತದೆ, ನೀಲಿ-ಹಸಿರು ಉಳಿಯುತ್ತದೆ. ಇದನ್ನು 1819ರಲ್ಲಿ ಗುರುತಿಸಿದ್ದು ಚೆಕ್ ವಿಜ್ಞಾನಿ ಪುರ್ಕಿನ್ಯೆ. ಹಾಗಾಗಿ ರಾತ್ರಿಯ ಚಿತ್ರದಲ್ಲಿ ಕೆಂಪು ರಕ್ತ ಹೊಳೆದರೆ ಕಣ್ಣು ನಂಬುವುದಿಲ್ಲ. ಬೆಳಕು, ಬಣ್ಣ ಏರಿಸಿ ಇಳಿಸುವ ಕರ್ವ್ಸ್ ತೆರೆದು ಇಡೀ ಚಿತ್ರ ಕತ್ತಲಾಗಿಸಿ, ಕೆಂಪು ಇಳಿಸಿ, ನೆರಳಿನ ಜಾಗಕ್ಕೆ ನೀಲಿ ಸ್ವಲ್ಪ ಸೇರಿಸಿ. ಮಧ್ಯಾಹ್ನದ ಫೋಟೊದಲ್ಲಿ ಜನ ನಕ್ಕಿದ್ದಕ್ಕೆ ಅರ್ಧ ಕಾರಣ ಆ ಕೆಂಪು.

ಕೊನೆಯದು ನೆರಳು. ದೆವ್ವಕ್ಕೆ ನೆರಳಿಲ್ಲ ಅಂತ ನಮ್ಮಲ್ಲಿ ಮಾತಿದೆ. ಆದರೆ ಚಿತ್ರದಲ್ಲಿ ಸುಮ್ನೆ ನೆರಳು ಕೈಬಿಟ್ಟರೆ ಅಂಟಿಸಿದ್ದು ಅನ್ನಿಸುತ್ತದೆಯೇ ಹೊರತು ದೆವ್ವ ಅನ್ನಿಸುವುದಿಲ್ಲ. ನಿಮಗೆ ಎರಡು ದಾರಿ. ಒಂದು, ಸೀರೆ ಕರಗುವ ಜಾಗದ ಕೆಳಗೆ ಕಣದ ಮೇಲೆ ಮಸುಕಾದ ಕಪ್ಪು ಹರಡಿ, ಕೆಳಗಿನದನ್ನು ಕಪ್ಪಾಗಿಸುವ ಮಲ್ಟಿಪ್ಲೈ ಮೋಡ್‌ನಲ್ಲಿ. ಆಕೆಗೆ ಭಾರ ಬರುತ್ತದೆ, ಅಲ್ಲೇ ನಿಂತಿದ್ದಾಳೆ ಅಂತ ನಂಬಿಕೆ ಬರುತ್ತದೆ. ಇನ್ನೊಂದು, ಸುತ್ತಲಿನ ಎಲ್ಲದಕ್ಕೂ ನೆರಳು ಇರಲಿ. ಕಣದ ಮೂಲೆಯ ಕುಕ್ಕೆಗೂ, ಒರಗಿಸಿಟ್ಟ ಪೊರಕೆಗೂ ಉದ್ದ ನೆರಳು, ಆಕೆಗೊಬ್ಬಳಿಗೇ ಇಲ್ಲ. ಇದು ಕಷ್ಟದ್ದು. ಆದರೆ ಮಾಡಿದರೆ ಇದನ್ನೇ ಮಾಡಿ ಅನ್ನುತ್ತೇನೆ. ಯಾರಾದರೂ ಒಬ್ಬರು ಪೋಸ್ಟರ್ ಮುಂದೆ ಎರಡು ನಿಮಿಷ ನಿಂತು, ಆಮೇಲೆ ಅದನ್ನು ಕಂಡುಹಿಡಿಯುತ್ತಾರೆ. ಎಲ್ಲ ಮುಗಿದ ಮೇಲೆ ಇಡೀ ಚಿತ್ರದ ಮೇಲೆ ತೆಳುವಾಗಿ ನಾಯ್ಸ್, ಅಂದರೆ ಸಣ್ಣ ಕಾಳುಕಾಳು, ಹಾಕಿ, ಬೇರೆ ಬೇರೆ ತುಂಡುಗಳು ಒಂದೇ ಫೋಟೊ ಆಗುತ್ತವೆ.

ನಮ್ಮ ಕಡೆಯ ದೆವ್ವ ಬೇಕು ಅಂದಿರಿ, ಅದಕ್ಕೆ ಖುಷಿಯಾಯಿತು. ಹ್ಯಾಲೋವೀನ್ ಕೂಡ ಮೊದಲು ಟೋಪಿ, ಮಿಠಾಯಿಯ ಹಬ್ಬವಾಗಿರಲಿಲ್ಲ. ಐರ್ಲೆಂಡಿನ ಕಡೆಯ ಕೆಲ್ಟ್ ಜನರ ‘ಸಾವಿನ್’ (Samhain) ಅನ್ನುವ ಹಬ್ಬ ಅದರ ಬೇರು. ಸುಗ್ಗಿ ಮುಗಿದು ಚಳಿ ಹಿಡಿಯುವ ಹೊತ್ತಿಗೆ ಸತ್ತವರು ಮನೆ ಕಡೆ ಬರುತ್ತಾರೆ ಅಂತ ನಂಬಿಕೆ. ಅಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು. ವಲಸೆ ಹೋದವರಿಗೆ ಅಮೆರಿಕದಲ್ಲಿ ಕುಂಬಳಕಾಯಿ ಸಿಕ್ಕಿತು. ನಾವು ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತೇವಲ್ಲ, ಅದೂ ಬರುವವರಿಗೇ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕಣದಲ್ಲಿ ನಿಲ್ಲಿ. ಹಲ್ಲು ಕಿರಿಯಬೇಡಿ, ಕೈ ಚಾಚಬೇಡಿ. ಎಷ್ಟೋ ವರ್ಷದ ಮೇಲೆ ತನ್ನ ಮನೆ ನೋಡಲು ಬಂದವಳ ಹಾಗೆ ಸುಮ್ಮನೆ ನಿಲ್ಲಿ. ಅಜ್ಜಿಗೆ ಮೊದಲೇ ಹೇಳಿ, ಅವರ ಸೀರೆ ಅದು.

ಪ್ರಶ್ನೆ: ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನ ಫೋಟೊಗೆ ನನ್ನ ಗೆಳೆಯನನ್ನು ಕಪ್ಪು ನಿಲುವಂಗಿಯಲ್ಲಿ ಸೇರಿಸಿದ್ದೇನೆ. ಕಟಿಂಗ್ ನೀಟಾಗಿದೆ. ಆದರೂ ಅಂಟಿಸಿದ್ದು ಅಂತ ಗೊತ್ತಾಗುತ್ತದೆ. (ಸಕಲೇಶಪುರದ ಓದುಗ)

ಉತ್ತರ: ಗೆರೆ ಎಳೆದು ನೋಡಿ, ತಮ್ಮಾ. ಚರ್ಚಿನ ಫೋಟೊವನ್ನು ನಿಂತು ತೆಗೆದಿದ್ದೀರಿ, ನೀರು ಮುಗಿಯುವ ಗೆರೆ ನಿಮ್ಮ ಕಣ್ಣಿನ ಎತ್ತರಕ್ಕೆ ಇದೆ. ಗೆಳೆಯನ ಫೋಟೊ ಮಹಡಿ ಮೆಟ್ಟಿಲಿನ ಮೇಲಿನಿಂದ ತೆಗೆದದ್ದು, ಅವನ ನೆತ್ತಿ ಕಾಣುತ್ತಿದೆ. ಒಂದೇ ಚಿತ್ರದಲ್ಲಿ ಎರಡು ಕ್ಯಾಮೆರಾ ಎತ್ತರ. ಕಣ್ಣು ಇದನ್ನು ಹಿಡಿದುಬಿಡುತ್ತದೆ. ಸಮ ನೆಲದಲ್ಲಿ, ಚರ್ಚಿನ ಫೋಟೊ ತೆಗೆದಷ್ಟೇ ಎತ್ತರದಿಂದ, ಅದೇ ಹೊತ್ತಿನಲ್ಲಿ ಅವನನ್ನು ಮತ್ತೆ ತೆಗೆಯಿರಿ. ಎರಡನೆಯದು ಗಾಳಿ. ದೂರ ಇದ್ದಷ್ಟೂ ಕಪ್ಪು ತೆಳುವಾಗುತ್ತದೆ. ಚರ್ಚಿನ ಕಮಾನಿನ ಒಳಗಿನ ಕಪ್ಪು ಬೂದಿಯಾಗಿದೆ, ಅದರ ಪಕ್ಕ ನಿಂತ ಗೆಳೆಯನ ನಿಲುವಂಗಿ ಮಸಿಯಷ್ಟು ಕಪ್ಪಗಿದೆ. ಕಮಾನಿನ ಕಪ್ಪನ್ನೇ ಅಳತೆ ಮಾಡಿಕೊಂಡು ಅವನನ್ನು ತೆಳು ಮಾಡಿ. ನೀರಿನಲ್ಲಿ ಅವನ ಬಿಂಬವೂ ಬೇಕು, ಚರ್ಚಿನ ಬಿಂಬ ಇದೆಯಲ್ಲ.

ಒಂದು ಮಾತು. ಅಲ್ಲಿ ಬರೀ ಹಾಳು ಗೋಡೆ ಅಂತ ನೋಡಬೇಡಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಪ್ರಾರ್ಥನೆಯ ಜಾಗ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರುಗಳು ಮುಳುಗಿದವು, ಜನ ಎದ್ದು ಹೋದರು, ಚರ್ಚು ಮಾತ್ರ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತಾ ನಿಂತಿದೆ. ಆ ಊರಿನವರ ಮೊಮ್ಮಕ್ಕಳು ನಿಮ್ಮ ಚಿತ್ರ ನೋಡಬಹುದು. ಪಾದ್ರಿಯ ವೇಷದಲ್ಲಿ ರಕ್ಕಸನನ್ನು ಮಾಡುವ ಬದಲು, ನೀರಿನ ಕಡೆ ನೋಡುತ್ತಾ ನಿಂತ ಒಬ್ಬ ಊರಿನವನನ್ನು ಮಾಡಿ. ಚಿತ್ರ ಇನ್ನೂ ಗಟ್ಟಿಯಾಗುತ್ತದೆ. ಫೋಟೊಗಾಗಿ ಗೋಡೆ ಹತ್ತಬೇಡಿ, ಕಲ್ಲು ಸಡಿಲ ಇವೆ.

ಪ್ರಶ್ನೆ: ಇದಕ್ಕೆಲ್ಲ ದುಡ್ಡು ಕೊಟ್ಟು ಫೋಟೊಶಾಪ್ ತೆಗೆದುಕೊಳ್ಳಲೇಬೇಕಾ? ಪ್ರಿಂಟಿಗೆ ಎಷ್ಟು ದೊಡ್ಡ ಫೈಲ್ ಬೇಕು? (ಅರಸೀಕೆರೆ)

ಉತ್ತರ: ಬೇಡ. ಗಿಂಪ್ ಉಚಿತ, 1996ರಿಂದ ಇದೆ. ಲೇಯರ್, ಮಾಸ್ಕ್, ಕರ್ವ್ಸ್ ಎಲ್ಲಾ ಅದರಲ್ಲಿವೆ. ಬ್ರೌಸರಿನಲ್ಲೇ ತೆರೆಯುವ ಫೋಟೊಪಿ ಇನ್ನೂ ಸುಲಭ. ಫೋನಿನಲ್ಲೇ ಆಗಬೇಕು ಅಂದರೆ ಸ್ನ್ಯಾಪ್‌ಸೀಡಿನ ಡಬಲ್ ಎಕ್ಸ್‌ಪೋಶರ್ ಪ್ರಯತ್ನಿಸಿ. 12×18 ಇಂಚಿನ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 3600×5400 ಬೇಕು. ಗೋಡೆಯ ಮೇಲಿನದಕ್ಕೆ 200 ಸಾಕು, ಅಂದರೆ 2400×3600. ಲ್ಯಾಬಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

ಪ್ರಶ್ನೆ: ನಾಲ್ಕು ಪದ ಬರೆದರೆ ಎಐ ದೆವ್ವ ಮಾಡಿಕೊಡುತ್ತದೆ. ಇಷ್ಟು ಕಷ್ಟ ಯಾಕೆ? (ಕಡೂರು)

ಉತ್ತರ: ಮಾಡಿಕೊಡುತ್ತದೆ, ನಾನೂ ನೋಡಿದ್ದೇನೆ. ಆದರೆ ಅದರಲ್ಲಿ ನಿಮ್ಮ ಮನೆಯ ಕಣ ಇರುವುದಿಲ್ಲ, ಅಜ್ಜಿಯ ಸೀರೆಯ ಅಂಚು ಇರುವುದಿಲ್ಲ. ನೋಡುವವರು ಬೆಚ್ಚುವುದು ತಮಗೆ ಗೊತ್ತಿರುವ ಜಾಗದಲ್ಲಿ ಗೊತ್ತಿಲ್ಲದ್ದು ಕಂಡಾಗ.

ಪ್ರಶ್ನೆ: ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಿಳಿ ಸೀರೆಯ ಹೆಂಗಸು ನಿಂತಿರುವ ಫೋಟೊ ನಮ್ಮ ಗುಂಪಿಗೆ ಬಂದಿದೆ. ನಿಜವಾ ಅಕ್ಕಾ? ನನ್ನ ಯಜಮಾನರು ರಾತ್ರಿ ಗಾಡಿ ಓಡಿಸುತ್ತಾರೆ. (ಮೂಡಿಗೆರೆ)

ಉತ್ತರ: ಹೆದರಬೇಡಿ ಅಮ್ಮಾ, ಯಾರೋ ಮಾಡಿದ ಚಿತ್ರ ಅದು. ದೊಡ್ಡದು ಮಾಡಿ ನೋಡಿ. ಗಾಡಿಯ ಹೆಡ್‌ಲೈಟ್ ತಡೆಗೋಡೆಯ ಮೇಲೆ ಎಡದಿಂದ ಬಿದ್ದಿದೆ, ಹೆಂಗಸಿನ ಮುಖದ ಮೇಲೆ ಬಲದಿಂದ. ರಸ್ತೆ ಪೂರ್ತಿ ಕಾಳುಕಾಳಾಗಿದೆ, ಸೀರೆ ಮಾತ್ರ ನುಣುಪು. ಬೇರೆ ಎಲ್ಲೋ ಹಗಲಿನಲ್ಲಿ ತೆಗೆದು ತಂದಿಟ್ಟಿದ್ದಾರೆ. ಯಜಮಾನರಿಗೂ ಈ ಎರಡು ಗುರುತು ತೋರಿಸಿ. ಘಾಟಿಯಲ್ಲಿ ಅವರು ಎಚ್ಚರ ವಹಿಸಬೇಕಾದದ್ದು ಮಂಜು ಮತ್ತು ತಿರುವಿಗೆ.

ಇದು ಹಳೇ ಕೆಲಸ. ಅಮೆರಿಕದಲ್ಲಿ ವಿಲಿಯಂ ಮಮ್ಲರ್ ಅನ್ನುವವನು 1860ರ ದಶಕದಲ್ಲೇ ಫೋಟೊಗಳಲ್ಲಿ ಸತ್ತವರ ಆತ್ಮ ತೋರಿಸಿ ದುಡ್ಡು ಮಾಡುತ್ತಿದ್ದ. ಅಲ್ಲಿಯ ಅಂತರ್ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳು ಬೇಕಾದಷ್ಟಿದ್ದವು, ಅವರೇ ಗಿರಾಕಿಗಳು. 1869ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೇಲೆ ಮೋಸದ ಕೇಸು ನಡೆಯಿತು, ಸಾಕ್ಷಿ ಸಾಲದೆ ಬಿಟ್ಟರು. ಅಧ್ಯಕ್ಷ ಲಿಂಕನ್ ಹತ್ಯೆಯಾದ ಮೇಲೆ ಅವರ ಹೆಂಡತಿಯೂ ಅವನಲ್ಲಿ ಫೋಟೊ ತೆಗೆಸಿಕೊಂಡರು, ಹಿಂದೆ ಲಿಂಕನ್ ಮಸುಕಾಗಿ ಕಾಣುವಂತೆ. ಒಂದು ನೆಗೆಟಿವ್‌ಗೆ ಎರಡು ಸಲ ಬೆಳಕು ಕೊಟ್ಟರೆ ಹಾಗೆ ಬರುತ್ತದೆ. ನಮ್ಮಪ್ಪನೂ ಲೆನ್ಸಿನ ಅರ್ಧಕ್ಕೆ ಕಪ್ಪು ರಟ್ಟು ಹಿಡಿದು ಒಂದೇ ನೆಗೆಟಿವ್‌ನಲ್ಲಿ ಒಬ್ಬ ಹುಡುಗನನ್ನು ಎರಡು ಸಲ ಕೂರಿಸುತ್ತಿದ್ದರು. ಆ ಹುಡುಗನಿಗೆ ಗುಟ್ಟು ಹೇಳಿಯೇ ಕಳಿಸುತ್ತಿದ್ದರು.

ಆ ಗುಟ್ಟು ಹೇಳದೆ ನಾನು ಒಮ್ಮೆ ತಪ್ಪು ಮಾಡಿದೆ. ತಂಗಿಯ ಮಗನ ನಾಟಕದ ಪೋಸ್ಟರಿಗೆ ಒಂದು ಚಿತ್ರ ಮಾಡಿದ್ದೆ. ನಮ್ಮ ಮನೆ ಹತ್ತಿರದ ಕೆರೆ ಏರಿ, ಬೀದಿದೀಪದ ಕೆಳಗೆ ನನ್ನ ತಂಗಿ ಬಿಳಿ ಸೀರೆಯಲ್ಲಿ. ಪೋಸ್ಟರಿನ ಅಕ್ಷರ ಸೇರಿಸುವ ಮುಂಚೆ ಬರೀ ಚಿತ್ರವನ್ನು ನೆಂಟರ ಗುಂಪಿಗೆ ಹಾಕಿದೆ. ಎರಡು ದಿನದಲ್ಲಿ ಅದು 'ನಿನ್ನೆ ರಾತ್ರಿ ಏರಿ ಮೇಲೆ ಕಂಡದ್ದು' ಅಂತ ಊರೆಲ್ಲ ಸುತ್ತಿ ನನಗೇ ವಾಪಸ್ ಬಂತು. ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಅದೇ ಏರಿ ಮೇಲೆ ಮಾರ್ಕೆಟ್ಟಿಗೆ ಹೋಗುತ್ತಿದ್ದ ಹೂವಿನ ಅಮ್ಮ ದಾರಿ ಬದಲಿಸಿದ್ದರು. ಹೂವಿನ ಕುಕ್ಕೆ ತಲೆ ಮೇಲೆ ಹೊತ್ತು ಮೇನ್ ರೋಡಿನಲ್ಲಿ ಸುತ್ತಿಕೊಂಡು, ಅರ್ಧ ಗಂಟೆ ಜಾಸ್ತಿ ನಡೆಯುತ್ತಿದ್ದರು. ವಾರದ ಮೇಲೆ ನನಗೆ ಗೊತ್ತಾಯಿತು.

ಅವತ್ತೇ ಲ್ಯಾಪ್‌ಟಾಪ್ ತೆಗೆದುಕೊಂಡು ಅವರ ಮನೆಗೆ ಹೋದೆ. ಒಂದೊಂದೇ ಲೇಯರ್ ಆರಿಸಿ ತೋರಿಸಿದೆ. ಮೊದಲು ಮಂಜು ಹೋಯಿತು. ಆಮೇಲೆ ನೀಲಿ ಬಣ್ಣ ಹೋಯಿತು. ಆಮೇಲೆ ನನ್ನ ತಂಗಿ ಹೋದಳು. ಖಾಲಿ ಏರಿ, ದೀಪದ ಕಂಬ, ಅವರು ದಿನಾ ಕುಕ್ಕೆ ಇಳಿಸಿ ಸುಧಾರಿಸಿಕೊಳ್ಳುವ ಕಲ್ಲು ಉಳಿಯಿತು. ಇನ್ನೊಂದು ಸಲ ತೋರಿಸವ್ವಾ ಅಂದರು. ತೋರಿಸಿದೆ. ಮೊಮ್ಮಗಳನ್ನು ಕರೆದು ಅವಳ ಕೈಯಲ್ಲಿ ಒತ್ತಿಸಿ ನೋಡಿದರು. ಈಗ ನಾನು ಮಾಡುವ ಇಂಥ ಪ್ರತಿ ಚಿತ್ರದ ಒಳಗೆ, ಕತ್ತರಿಸಲು ಆಗದ ಜಾಗದಲ್ಲಿ, ಸಾಮಾನ್ಯವಾಗಿ ಸೀರೆಯ ಮೇಲೆಯೇ, 'ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ' ಅಂತ ಬರೆಯುತ್ತೇನೆ. ಚಿಕ್ಕಮಗಳೂರಿನ ತಂಗಿ, ಸಕಲೇಶಪುರದ ತಮ್ಮ, ನೀವೂ ಬರೆಯಿರಿ.

ಮಾರನೇ ದಿನ ನಾಲ್ಕೂವರೆಗೆ ನಾನೂ ಆ ಅಮ್ಮನ ಜೊತೆ ಏರಿ ಮೇಲೆ ನಡೆದೆ. ದೀಪದ ಕಂಬದ ಹತ್ತಿರ ಅವರು ನಿಂತರು. ಕುಕ್ಕೆ ಇಳಿಸಿದರು. ಒಂದು ಮೊಳ ಕನಕಾಂಬರ ಹರಿದು ನನಗೆ ಕೊಟ್ಟು, ನಿನ್ನ ತಂಗಿಗೂ ಮುಡಿಸು ಅಂದರು.